ಗೊಮ್ಮಟನನ್ನು ಕೆತ್ತಿದವರು

ಧರ್ಮಸ್ಥಳ ನಮ್ಮ ನೆರಿಯಕ್ಕೆ ದೂರವಲ್ಲ. ರತ್ನಗಿರಿಯ ಬಾಹುಬಲಿಯನ್ನು ನಾವೆಲ್ಲ ನೋಡಿದ್ದೇವೆ. "ಅದು ರಾಜರ ಕಾಲದ್ದಲ್ವಾ ಟೀಚರೇ?" ಎಂದು ತರಗತಿಯಲ್ಲಿ ಒಬ್ಬ ಅಕ್ಕ ಕೇಳಿದರು.

ಅಲ್ಲ ಅಕ್ಕಾ. ರಾಜರ ಕಾಲದ್ದು ವೇಣೂರಿನದ್ದು. ಅದು ನಿಂತದ್ದು 1604ರಲ್ಲಿ. ಧರ್ಮಸ್ಥಳದ್ದನ್ನು ಕೆತ್ತಿದವರು ನಮ್ಮ ಹಿರಿಯರ ಕಾಲದವರೇ. ಹೆಸರು ರೆಂಜಾಳ ಗೋಪಾಲಕೃಷ್ಣ ಶೆಣೈ. ಊರು ಕಾರ್ಕಳ.

ಈ ಕೆಲಸ ಹಿಡಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಮೂರ್ತಿಯ ಎತ್ತರ 39 ಅಡಿ. ಇಡೀ ಮೂರ್ತಿ ಒಂದೇ ಕಲ್ಲು. ದೋಸೆ ಹಿಟ್ಟು ನೀರಾದರೆ ನಾವು ಸ್ವಲ್ಪ ಅಕ್ಕಿ ಹಿಟ್ಟು ಸೇರಿಸುತ್ತೇವೆ. ಕಲ್ಲಿಗೆ ಹಾಗೆ ಮಾಡಲಿಕ್ಕಾಗುವುದಿಲ್ಲ. ಉಳಿಯ ಏಟು ತಪ್ಪಿ ಮೂಗು ಹಾರಿದರೆ ಹಾರಿತು! ಅದಕ್ಕೇ ಮೊದಲು ಅಳತೆ, ಆಮೇಲೆ ಗೆರೆ, ಕೊನೆಗೆ ಉಳಿ. ಶೆಣೈಯವರ ಜತೆ ಅನೇಕ ಕೆಲಸಗಾರರು ವರ್ಷಗಟ್ಟಲೆ ದುಡಿದರು. ಹೊಗಳಿಕೆ ಅವರಿಗೂ ಸಲ್ಲಬೇಕು ಅಂತ ನಮಗೆ ಅನಿಸುತ್ತದೆ.

ಕೆತ್ತಿದ್ದು ಕಾರ್ಕಳದಲ್ಲಿ, ನಿಲ್ಲಿಸಬೇಕಾದ್ದು ಧರ್ಮಸ್ಥಳದಲ್ಲಿ. ತೂಕ ಸುಮಾರು 170 ಟನ್! 1973ರಲ್ಲಿ ಸಾಲುಸಾಲು ಚಕ್ರಗಳ ದೊಡ್ಡ ಗಾಡಿಯಲ್ಲಿ ಮಲಗಿಸಿ ನಿಧಾನವಾಗಿ ತಂದರು. ಜನ ರಸ್ತೆ ಬದಿಯಲ್ಲಿ ನಿಂತು ನೋಡಿದರು. ಬೆಟ್ಟದ ಮೇಲೆ ನಿಲ್ಲಿಸಿ, 1982ರಲ್ಲಿ ಪ್ರತಿಷ್ಠೆ ಮಾಡಿದರು.

ನಿಮ್ಮ ಮನೆಯ ಅಜ್ಜಿ ಆ ಗಾಡಿಯನ್ನು ಕಂಡಿರಲೂಬಹುದು. ಕೇಳಿ ನೋಡಿ. ಅವರು ಹೇಳಿದ್ದನ್ನು ಬರೆದುಕೊಂಡು ನಾಳೆ ತರಗತಿಗೆ ತನ್ನಿ.