ಬೈಕಿನ ಸೈಲೆನ್ಸರ್ ಬದಲಿಸುವ ಮುನ್ನ

ಮಂಜೇಶ್ವರದ ಕಡೆಯಿಂದ ತಲಪಾಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ನಿತ್ಯ ಬೈಕಿನಲ್ಲಿ ಹೋಗಿಬರುವ ಗಡಿನಾಡಿನ ಹುಡುಗರು ಅನೇಕರಿದ್ದಾರೆ. ಅವರಲ್ಲೊಬ್ಬ, ನಮ್ಮಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಕಲಿತವನು, ಕಳೆದ ಮಳೆಗಾಲದಲ್ಲಿ ಒಂದು ಕಾಗದ ಹಿಡಿದು ಬಂದನು. "ಮಾಷ್ಟ್ರೇ, ಇದ್ರಲ್ಲಿ ಏನು ಬರ್ದಿದೆ ಅಂತ ಒಮ್ಮೆ ನೋಡಿ ಹೇಳ್ತೀರಾ?" ಎಂದನು. ಸೈಲೆನ್ಸರ್ ಬದಲಿಸಿದ್ದಕ್ಕಾಗಿ ಬಂದ ಮಲಯಾಳಂ ನೋಟೀಸು ಅದು. ಮಲಯಾಳಂ ಮಾತನಾಡಲು ಅವನಿಗೆ ತೊಡಕಿಲ್ಲ. ಕಚೇರಿಯ ಮಲಯಾಳಂ ಓದಲು ಬರುವುದಿಲ್ಲ. ದಂಡ ಕಟ್ಟಿದರೆ ಮುಗಿಯಿತೆಂದು ಅವನು ತಿಳಿದಿದ್ದನು. ವಾಹನವನ್ನು ಮೊದಲಿನ ಸ್ಥಿತಿಗೆ ತಂದು ಹಾಜರುಪಡಿಸಬೇಕೆಂಬ ಸಾಲು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೂಲ ಸೈಲೆನ್ಸರನ್ನು ಆ ವೇಳೆಗಾಗಲೇ ಗುಜರಿಗೆ ಕೊಟ್ಟಾಗಿತ್ತು.

ಈ ಪ್ರಸಂಗದ ನಂತರ ವಿಷಯವನ್ನು ಕನ್ನಡದಲ್ಲಿ ವಿವರವಾಗಿ ಬರೆದಿಡುವುದು ಲೇಸೆಂದು ನಮಗೆ ತೋರಿತು.

ಮೊದಲು ಸೈಲೆನ್ಸರಿನ ಕೆಲಸವೇನೆಂದು ನೋಡೋಣ. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 25 ಬಾರಿ ಉರಿದ ಅನಿಲವನ್ನು ಹೊರಗೆ ತಳ್ಳುತ್ತದೆ. ಪ್ರತಿಯೊಂದು ತಳ್ಳುವಿಕೆಯೂ ಒಂದು ಒತ್ತಡದ ಅಲೆ. ನಮ್ಮ ಕಿವಿಗೆ ಅದೇ ಸದ್ದು. ಕಂಪನಿಯ ಸೈಲೆನ್ಸರಿನೊಳಗೆ ಸಾಮಾನ್ಯವಾಗಿ ಎರಡು ಮೂರು ಕೋಣೆಗಳೂ ನಡುವೆ ತೂತುಳ್ಳ ಕೊಳವೆಗಳೂ ಇರುತ್ತವೆ. ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ, ಒಂದನ್ನೊಂದು ಎದುರಿಸಿ ಕುಗ್ಗುತ್ತವೆ. ಹೊರಗಿನ ಅಂಗಡಿಯಲ್ಲಿ ಸಿಗುವ ಬಹುಪಾಲು ಸೈಲೆನ್ಸರುಗಳು ಬೇರೆ ಬಗೆಯವು. ನೇರವಾದ ತೂತುಕೊಳವೆ, ಅದರ ಸುತ್ತ ಗಾಜಿನ ಉಣ್ಣೆ, ಅಷ್ಟೇ. ಉಣ್ಣೆಯು ಕೀರಲು ಸದ್ದನ್ನು ಹೀರಿಕೊಳ್ಳುತ್ತದೆ, ಗಡಸು ಸದ್ದನ್ನು ಅಷ್ಟಾಗಿ ಹೀರದು. ವರ್ಷ ಕಳೆದಂತೆ ಅದು ಸುಟ್ಟು ಉದುರುತ್ತದೆ. ಕೊಂಡ ದಿನ ಹಿತವಾಗಿದ್ದ ದನಿ ಬರುಬರುತ್ತ ಅರಚಾಟವಾಗುತ್ತದೆ.

"ಪವರ್ ಜಾಸ್ತಿಯಾಗುತ್ತದೆ" ಎಂಬುದು ಅಂಗಡಿಯವರ ಮಾತು. ರೇಸಿನ ಎಂಜಿನ್ನುಗಳ ವಿಚಾರದಲ್ಲಿ ಅದು ನಿಜವಿರಬಹುದು. ದಿನಬಳಕೆಯ 150 ಅಥವಾ 350 ಸಿಸಿ ಬೈಕಿನಲ್ಲಿ ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಸಿಗುವ ಲಾಭ ಗಮನಕ್ಕೆ ಬಾರದಷ್ಟು ಕಡಿಮೆ. ಏರುದಾರಿಯಲ್ಲಿ ಕಡಿಮೆ ವೇಗದ ಎಳೆತ ಕುಗ್ಗುವುದೂ ಉಂಟು. ಸದ್ದು ಹೆಚ್ಚಾದಾಗ ವೇಗವೂ ಹೆಚ್ಚಾದಂತೆ ಕಿವಿ ಭ್ರಮಿಸುತ್ತದೆ.

ಇನ್ನು ಕಾನೂನು. ಕೇರಳ, ಕರ್ನಾಟಕ ಎಂದು ಎರಡು ಕಾನೂನುಗಳಿಲ್ಲ. ಗಡಿಯ ಎರಡೂ ಬದಿಗಳಿಗೆ ಒಂದೇ ಕೇಂದ್ರ ಮೋಟಾರು ವಾಹನ ಕಾಯಿದೆ. 1989ರ ಕೇಂದ್ರ ನಿಯಮಗಳಲ್ಲಿ 120ನೆಯದು ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಕಡ್ಡಾಯವೆನ್ನುತ್ತದೆ. ದ್ವಿಚಕ್ರ ವಾಹನ ತಯಾರಕರಿಗೆ ವಿಧಿಸಿರುವ ಮಿತಿ 80 ಸಿಸಿವರೆಗೆ 75 ಡೆಸಿಬೆಲ್, 175 ಸಿಸಿವರೆಗೆ 77, ಅದಕ್ಕೂ ಮೇಲ್ಪಟ್ಟು 80. ಓಡುವ ವಾಹನದಿಂದ ಏಳೂವರೆ ಮೀಟರ್ ದೂರದಲ್ಲಿ ಅಳೆಯುವ ಲೆಕ್ಕವಿದು. 77ಕ್ಕೂ 87ಕ್ಕೂ ಹತ್ತರ ವ್ಯತ್ಯಾಸ ತಾನೇ ಎಂದು ತಿಳಿಯಬಾರದು. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ.

ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿಹಿಡಿದಿದೆ. 182ಎ ಕಲಮಿನಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮು. ದಂಡ 10,000 ರೂಪಾಯಿವರೆಗೆ ಹೋಗಬಹುದು. ಚಾಲನಾ ಪರವಾನಗಿಯೂ ಮೂರು ತಿಂಗಳು ಅನರ್ಹವಾಗುತ್ತದೆ. ನಿತ್ಯ ಗಡಿ ದಾಟಿ ಕಾಲೇಜಿಗೆ ಹೋಗುವವನಿಗೆ ಹಣಕ್ಕಿಂತ ಈ ಮೂರು ತಿಂಗಳೇ ದೊಡ್ಡ ಪೆಟ್ಟು.

ಹಾಗಾದರೆ ಸೈಲೆನ್ಸರನ್ನು ಬದಲಿಸಲೇಬಾರದೇ? ತುಕ್ಕು ಹಿಡಿದು ತೂತಾದಾಗ ಬದಲಿಸಲೇಬೇಕು. ನಮ್ಮ ಕರಾವಳಿಯಲ್ಲಿ ಅದು ಬೇಗನೆ ಬರುವ ಕೆಲಸ. ಉಪ್ಪುಗಾಳಿ ಹೊರಗಿನಿಂದ ತಿನ್ನುತ್ತದೆ, ನೀರು ಒಳಗಿನಿಂದ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆಂದರೆ ಅನೇಕರು ನಂಬುವುದಿಲ್ಲ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ಆವಿ ಒಳಗೇ ನೀರಾಗಿ ನಿಲ್ಲುತ್ತದೆ. ಅದು ಇಳಿದುಹೋಗಲೆಂದೇ ಅನೇಕ ಸೈಲೆನ್ಸರುಗಳ ಅಡಿಯಲ್ಲಿ ಸಣ್ಣ ತೂತಿರುತ್ತದೆ. "ಲೀಕ್ ಇದೆ" ಎಂದು ಅದನ್ನು ವೆಲ್ಡಿಂಗ್ ಮಾಡಿಸಿ ಮುಚ್ಚಿಸಿದವರನ್ನು ನಾವು ಕಂಡಿದ್ದೇವೆ.

ಕೊಳ್ಳುವುದಾದರೆ ನಿಮ್ಮದೇ ಮಾದರಿಗೆ ಕಂಪನಿ ಕೊಡುವ ಬಿಡಿಭಾಗವೇ ಮೊದಲ ಆಯ್ಕೆ. ಅದು ಕೈಗೆಟುಕದಿದ್ದರೆ ಅದೇ ಒಳರಚನೆಯ, ಅದೇ ಅಳತೆಯ, ಬಿಲ್ಲು ಕೊಡುವ ಅಂಗಡಿಯ ಮಾಲು. ಕ್ರೋಮ್ ಲೇಪಿಸಿದ ಸಾಧಾರಣ ಕಬ್ಬಿಣಕ್ಕಿಂತ ಸ್ಟೇನ್‌ಲೆಸ್ ಸ್ಟೀಲ್ ನಮ್ಮ ಹವೆಗೆ ತಾಳುತ್ತದೆ. "ರಸ್ತೆ ಬಳಕೆಗಲ್ಲ" ಎಂಬ ಇಂಗ್ಲಿಷ್ ಸಾಲು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿರಬಹುದು, ಅದನ್ನು ಹುಡುಕಿ ಓದಬೇಕು. ಯುರೋಪಿನ ಮುದ್ರೆಯಿದ್ದ ಮಾತ್ರಕ್ಕೆ ಇಲ್ಲಿ ಅನುಮತಿ ಸಿಕ್ಕಿದಂತಲ್ಲ. ತುದಿಯಲ್ಲಿ ಸ್ಕ್ರೂವಿನಿಂದ ಕೂರಿಸಿದ "ಡಿಬಿ ಕಿಲ್ಲರ್" ಎಂಬ ಬಿರಡೆಯನ್ನು ತೋರಿಸಿ, ತಪಾಸಣೆಯಿದ್ದಾಗ ಹಾಕಿಕೊಳ್ಳಿ ಎನ್ನುವ ಅಂಗಡಿಯಿಂದ ಎದ್ದು ಬರುವುದೇ ಕ್ಷೇಮ.

2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ಇನ್ನೊಂದು ಎಚ್ಚರ ಬೇಕು. ವಿಷಾನಿಲವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲವು ಬೈಕುಗಳಲ್ಲಿ ಬೆಂಡ್ ಪೈಪಿನೊಳಗೆ, ಕೆಲವುಗಳಲ್ಲಿ ಸೈಲೆನ್ಸರಿನೊಳಗೇ ಇರುತ್ತದೆ. ಎರಡನೆಯ ಬಗೆಯಲ್ಲಿ ಸೈಲೆನ್ಸರ್ ತೆಗೆದರೆ ಕನ್ವರ್ಟರೂ ಹೋಯಿತು. ಹಳೆಯದನ್ನು ಕೊಳ್ಳಲು ಗುಜರಿಯವರು ಏಕೆ ಆತುರಪಡುತ್ತಾರೆಂದರೆ ಅದರೊಳಗೆ ಪ್ಲಾಟಿನಂ ಗುಂಪಿನ ಬೆಲೆಬಾಳುವ ಲೋಹಗಳಿರುತ್ತವೆ.

ಜೋಡಣೆಯನ್ನು ಎಂಜಿನ್ ಪೂರ್ತಿ ತಣಿದ ಮೇಲೆಯೇ ಮಾಡಬೇಕು. ಎಂಜಿನ್ನಿಗೆ ಕೊಳವೆ ಸೇರುವಲ್ಲಿನ ನಟ್ಟುಗಳು ತುಕ್ಕಿನಿಂದ ಹಿಡಿದಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಹಿಂದಿನ ರಾತ್ರಿಯೇ ಬಿಟ್ಟರೆ ಒಳಿತು. ಬಲ ಹಾಕಿ ತಿರುಗಿಸಿ ಸ್ಟಡ್ ಮುರಿದರೆ ಖರ್ಚು ಎಂಜಿನ್ ಕೆಲಸದವರೆಗೆ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಇದ್ದರೆ ಮೊದಲು ಅದರ ತಂತಿಯ ಜೋಡಣೆ ಬಿಡಿಸಬೇಕು. ಗ್ಯಾಸ್ಕೆಟ್ ಹೊಸದೇ ಇರಲಿ, ಇಪ್ಪತ್ತು ಮೂವತ್ತು ರೂಪಾಯಿ ಉಳಿಸಲು ಹೋಗಿ ಹಳೆಯದನ್ನೇ ಕೂರಿಸಬಾರದು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಸಡಿಲವಾಗಿ ಹಾಕಿ, ಕೊಳವೆ ಎಳೆತವಿಲ್ಲದೆ ಕುಳಿತಿದೆಯೇ, ಹಿಂದೆ ಕೂರುವವರ ಕಾಲಿಗೆ ತಗಲದೇ ಎಂದು ನೋಡಿ, ಬಳಿಕ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತ ಬರಬೇಕು. ಕೈಯ ಜಿಡ್ಡನ್ನು ಒರೆಸದಿದ್ದರೆ ಲೋಹದ ಮೇಲೆ ಬೆರಳಿನ ಗುರುತು ಸುಟ್ಟು ಉಳಿಯುತ್ತದೆ. ವೇಗ ಇಳಿಸುವಾಗ "ಪಟ್ ಪಟ್" ಎಂದರೆ ಎಲ್ಲೋ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿರಬಹುದು. ಒಂದೆರಡು ದಿನ ಓಡಿಸಿದ ಮೇಲೆ ತಣಿದಾಗ ಮತ್ತೊಮ್ಮೆ ಬಿಗಿಯಬೇಕು.

ನಮ್ಮ ಹುಡುಗನ ಕಥೆ ಸುಖಾಂತ್ಯವೇ ಆಯಿತೆನ್ನಬೇಕು. ಗುಜರಿಯಲ್ಲಿ ಅವನ ಸೈಲೆನ್ಸರ್ ಇನ್ನೂ ಬಿದ್ದಿತ್ತು. ಕೊಟ್ಟದ್ದಕ್ಕಿಂತ ಹೆಚ್ಚು ತೆತ್ತು ತಂದನು. ಕಾಲಾವಕಾಶ ಕೋರಿ ಕನ್ನಡದಲ್ಲಿಯೇ ಮನವಿ ಬರೆದುಕೊಟ್ಟೆವು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಮನವಿಯನ್ನು ತೆಗೆದುಕೊಂಡ ಗುಮಾಸ್ತರು ಮೊದಲು ಹಿಂದೆ ಮುಂದೆ ನೋಡಿದರು, ಆಮೇಲೆ ಮೊಹರು ಒತ್ತಿ ಪ್ರತಿ ಕೊಟ್ಟರು. ಆ ಪ್ರತಿಯನ್ನೂ ಹೊಸ ಸೈಲೆನ್ಸರಿನ ಬಿಲ್ಲನ್ನೂ ಅವನು ಈಗ ಒಟ್ಟಿಗೆ ಇಟ್ಟಿದ್ದಾನೆ. ಎರಡು ವಾರ ಮೆರೆದ ಆ ಹೊಸದು ಗೋಣಿಯಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದೆ.