ಕುಂಡದ ಗಿಡ ಬಾಡಿದೆಯೇ? ಮೊದಲು ಬೇರು ನೋಡಿ



ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಸಾಡಿಯ ಮಳೆ ಹಿಡಿದು ಎಂಟು ದಿನವಾದಾಗ, ಜಗಲಿಯ ಅಂಚಿನಲ್ಲಿಟ್ಟ ಕುಂಡದ ಮಲ್ಲಿಗೆಯೋ ಪೊದೆ ಕಾಳುಮೆಣಸೋ ಎಲೆ ಜೋತು ನಿಂತಿರುವುದನ್ನು ನೀವು ಕಂಡಿರಬಹುದು. ನೀರು ಸಾಲದೇನೋ ಎಂದು ಮನೆಯವರು ಒಂದು ಚೊಂಬು ನೀರು ಹೊಯ್ಯುತ್ತಾರೆ. ಸಂಜೆಗೆ ಇನ್ನೊಂದು ಚೊಂಬು. ವಾರದೊಳಗೆ ಗಿಡ ಸತ್ತಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ, ಮಳೆಗಾಲದ ಗಿಡ ಬಾಯಾರಿ ಸಾಯುವುದು ಅಪರೂಪ. ಅದು ಉಸಿರು ಕಟ್ಟಿ ಸಾಯುತ್ತದೆ.

ಬೇರಿಗೂ ಗಾಳಿ ಬೇಕು. ಕುಂಡದ ತಳದ ತೂತು ಮುಚ್ಚಿ ನೀರು ನಿಂತರೆ ಮಣ್ಣಿನ ಸಂದುಗಳಲ್ಲಿ ಗಾಳಿ ಉಳಿಯುವುದಿಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದಲೇ ಒದ್ದೆ ಮಣ್ಣಿನಲ್ಲಿದ್ದರೂ ಎಲೆ ಬಾಡುತ್ತದೆ.

ನೀರು ಹೊಯ್ಯುವ ಮೊದಲು ಬೆರಳನ್ನು ಎರಡು ಅಂಗುಲ ಆಳಕ್ಕೆ ಊರಿ ನೋಡಿ. ಮಣ್ಣು ಒಣಗಿ ಕುಂಡ ಹಗುರವಾಗಿದ್ದರೆ ನೀರು ಕೊಡಿ, ಅಷ್ಟೇ. ಒದ್ದೆಯಾಗಿದ್ದರೆ ಕುಂಡವನ್ನು ಓರೆ ಮಾಡಿ ಗಿಡವನ್ನು ಮಣ್ಣುಸಮೇತ ಹೊರತೆಗೆಯಿರಿ. ಹೊಸ ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಂದಾಗಿ ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿಯುವ ಬೇರುಗಳನ್ನು ಶುಚಿಯಾದ ಚೂರಿಯಿಂದ ಕೊಯ್ದುಹಾಕಿ. ಬೇರು ಕಡಿಮೆಯಾದ ಮೇಲೆ ಅಷ್ಟೂ ಎಲೆಗಳನ್ನು ಅದು ಸಾಕಲಾರದು. ಮೇಲಿನ ರೆಂಬೆಗಳನ್ನೂ ಮೂರರಲ್ಲೊಂದು ಪಾಲು ಸವರಬೇಕು. ಹೂ ಬಿಡುವ ಮಲ್ಲಿಗೆಗೆ ಕತ್ತರಿ ಹಾಕಲು ಮನಸ್ಸು ಬಾರದು, ಆದರೂ ಹಾಕಿ.

ನಮ್ಮ ಜಂಬಿಟ್ಟಿಗೆ ಮಣ್ಣೊಂದನ್ನೇ ತುಂಬಿದರೆ ನಾಲ್ಕು ಮಳೆಗೆ ಬಿಗಿದುಕೊಳ್ಳುತ್ತದೆ. ಮಣ್ಣು, ಹೊಯ್ಗೆ, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸಮಪಾಲು ಬೆರೆಸಿ. ಸುಡುಮಣ್ಣು ಇದ್ದರೆ ಒಂದಿಷ್ಟು ಸೇರಿಸಿ. ಹತ್ತಿರವೆಂದು ಮರವಂತೆಯ ಕಡಲ ಬದಿಯ ಹೊಯ್ಗೆ ತರಬೇಡಿ, ಅದರಲ್ಲಿ ಉಪ್ಪಿದೆ. ತಳದ ತೂತಿನ ಮೇಲೆ ಹೆಂಚಿನ ಚೂರೊಂದನ್ನು ಬೋರಲಿಟ್ಟು ಮಣ್ಣು ತುಂಬಿ, ಕುಂಡವನ್ನು ಎರಡು ಕಲ್ಲುಗಳ ಮೇಲೆ ನಿಲ್ಲಿಸಿ. ಹದಿನೈದು ದಿನ ನೆರಳಿನಲ್ಲಿರಲಿ. ಚಿಗುರು ಕಾಣುವವರೆಗೆ ಯೂರಿಯಾ ಮುಟ್ಟಬೇಡಿ. ಗಾಯಗೊಂಡ ಬೇರನ್ನು ಅದು ಸುಡುತ್ತದೆ.

ಕೆಲವು ಗಿಡಗಳನ್ನು ಉಳಿಸಲು ಹೋಗುವುದೇ ತಪ್ಪು. ಮಲ್ಲಿಗೆಯ ಬುಡದಲ್ಲಿ ಹತ್ತಿಯಂಥ ಬಿಳಿ ಎಳೆಗಳೂ ಸಾಸಿವೆ ಕಾಳಿನಂಥ ಗುಂಡುಗಳೂ ಕಂಡರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರ. ಕಾಳುಮೆಣಸಿನ ಎಲೆಯಲ್ಲಿ ಕಪ್ಪು ಮಚ್ಚೆ ಹಬ್ಬಿ, ಬುಡ ಕೊಳೆತು, ಕೆಲವೇ ದಿನಗಳಲ್ಲಿ ಎಲೆ ಉದುರಿದರೆ ಫೈಟಾಫ್ತೊರಾದಿಂದ ಬರುವ ಶೀಘ್ರ ಸೊರಗು ರೋಗ. ಇಲ್ಲಿಯೇ ನಮ್ಮಲ್ಲಿ ದೊಡ್ಡ ತಪ್ಪು ನಡೆಯುವುದು: ಸತ್ತ ಕುಂಡದ ಮಣ್ಣನ್ನು ಅಡಿಕೆ ಮರದ ಬುಡಕ್ಕೆ ಸುರಿಯುತ್ತೇವೆ. ಆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗೆ ರೋಗವನ್ನು ನಾವೇ ಒಯ್ದು ಕೊಟ್ಟಂತಾಯಿತು. ಮಳೆನೀರು ಅದನ್ನು ಮುಂದಿನ ಬಳ್ಳಿಗೂ ಹರಿಸುತ್ತದೆ. ಅಂಥ ಗಿಡವನ್ನು ಸುಟ್ಟುಹಾಕಿ. ಮಣ್ಣನ್ನು ತೋಟದಿಂದ ದೂರ, ನೀರು ಹರಿಯದ ಕಡೆ ಹಾಕಿ.

ಪಕ್ಕದ ಕಾಳುಮೆಣಸಿನ ಕುಂಡಗಳಿಗೆ ಶೇಕಡ 1ರ ಬೋರ್ಡೋ ದ್ರಾವಣ ಹೊಯ್ಯಿರಿ. ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತು, ಇನ್ನರ್ಧ ಲೀಟರಿನಲ್ಲಿ 10 ಗ್ರಾಂ ಸುಣ್ಣ ಕದಡಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಪಾತ್ರೆ ಪ್ಲಾಸ್ಟಿಕ್‌ನದಿರಲಿ. ಕಬ್ಬಿಣದ ಚೂರಿ ಅದ್ದಿದಾಗ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಬೇಕು. ಅಂದೇ ಮಾಡಿ ಅಂದೇ ಉಪಯೋಗಿಸಬೇಕು.

ರೋಗ ಯಾವುದೆಂದು ತಿಳಿಯದಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಹೋಗುವಾಗ ಗಿಡವನ್ನು ಬೇರು ಮಣ್ಣು ಸಮೇತ ಚೀಲದಲ್ಲಿ ಕಟ್ಟಿ ಒಯ್ಯಿರಿ. ಎಲೆಯೊಂದನ್ನೇ ಕಿತ್ತು ಒಯ್ದರೆ ಬುಡದ ರೋಗ ತಿಳಿಯುವುದಿಲ್ಲ.