ಏತ, ಏರಿ, ತೂಬು: ಕ್ಷಯಾಣುವಿನೊಳಗೊಂದು ನೋಟ

ತಮಿಳಿನಲ್ಲಿ ಕಾಸನೋಯ್, ಮರಾಠಿಯಲ್ಲಿ ಕ್ಷಯರೋಗ, ಮಲಯಾಳದಲ್ಲಿ ಕ್ಷಯಂ. ಮಾತು ಬೇರೆಯಾದರೂ ರೋಗಾಣು ಒಂದೇ. ಅದು ಬದುಕಲು ಶಕ್ತಿಯನ್ನು ಹೇಗೆ ಸಂಪಾದಿಸುತ್ತದೆ, ಆ ದಾರಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಇಂದು ನೋಡೋಣ.

ಕ್ಷಯಾಣುವಿನ ಗೋಡೆಯೊಳಗೆ ಕೊಬ್ಬಿನಿಂದಾದ ತೆಳುವಾದ ಪೊರೆಯೊಂದಿದೆ. ಅದನ್ನು ಕೆರೆಯ ಏರಿ ಎಂದುಕೊಳ್ಳಿ. ಪೊರೆಯಲ್ಲಿ ನೆಟ್ಟ ಕೆಲವು ಕಿಣ್ವಗಳು ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಒಂದರಿಂದ ಒಂದಕ್ಕೆ ದಾಟಿಸಿ, ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತವೆ. ಆಗ ಬಿಡುಗಡೆಯಾಗುವ ಶಕ್ತಿಯಿಂದ ಪ್ರೋಟಾನುಗಳನ್ನು ಹೊರಕ್ಕೆ ಎತ್ತಿ ಹಾಕುತ್ತವೆ, ಏತದಲ್ಲಿ ನೀರೆತ್ತಿದ ಹಾಗೆ. ಹೊರಗೆ ಸೇರಿದ ಪ್ರೋಟಾನುಗಳು ಒಳಕ್ಕೆ ನುಗ್ಗಲು ಹವಣಿಸುತ್ತವೆ, ಏರಿ ಬಿಡದು. ಅವುಗಳ ಮುಖ್ಯ ತೂಬು ಎಟಿಪಿ ಸಿಂಥೇಸ್ ಎಂಬ ಕಿಣ್ವ. ಅದರೊಳಗೊಂದು ಚಕ್ರ. ಪ್ರೋಟಾನು ಹಾಯ್ದಂತೆ ಚಕ್ರ ತಿರುಗುತ್ತದೆ. ಒಂದು ಸುತ್ತಿಗೆ ಮೂರು ಎಟಿಪಿ ಕಣ ತಯಾರು. ಕೋಶದ ಹೆಚ್ಚಿನ ಕೆಲಸಗಳಿಗೆ ಶಕ್ತಿ ಒದಗಿಸುವುದು ಈ ಎಟಿಪಿಯೇ. ತಿರುಗುತ್ತದೆ ಎಂದದ್ದು ಬರಿಯ ಹೋಲಿಕೆಯಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಈ ಕಿಣ್ವದ ಅಚ್ಚಿಗೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಏರಿಯಲ್ಲಿ ತೂತು ಬಿದ್ದರೆ ಕಿಣ್ವಗಳೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಪೊರೆಗೆ ಇಷ್ಟು ಮಹತ್ವ ಕೊಟ್ಟು ಬರೆದಾಗ ಬಹುಮಂದಿ ಒಪ್ಪಲಿಲ್ಲ. ಅವರೆಲ್ಲ ಶಕ್ತಿಯನ್ನು ಸಾಗಿಸುವ ಯಾವುದೋ ರಾಸಾಯನಿಕವನ್ನು ಹುಡುಕುತ್ತಿದ್ದರು. 1978ರಲ್ಲಿ ಮಿಚೆಲರಿಗೆ ನೊಬೆಲ್ ಬಂತು.

ಇಂಥ ಚಕ್ರ ನಮ್ಮ ಜೀವಕೋಶಗಳ ಮೈಟೋಕಾಂಡ್ರಿಯದಲ್ಲೂ ಇದೆ. ಹಾಗಾದರೆ ಕ್ಷಯಾಣುವಿನ ಚಕ್ರಕ್ಕೆ ಮಾತ್ರ ಬೆಣೆ ಹಾಕುವುದು ಹೇಗೆ? ಬೆಡಾಕ್ವಿಲಿನ್ ಎಂಬ ಮಾತ್ರೆ ಮಾಡುವುದು ಅದನ್ನೇ. ಎರಡೂ ಚಕ್ರಗಳ ರಚನೆಯಲ್ಲಿ ತುಸು ವ್ಯತ್ಯಾಸವಿದೆ. ಮದ್ದು ಕ್ಷಯಾಣುವಿನದರಲ್ಲಿ ಬಿಗಿಯಾಗಿ ಕೂರುತ್ತದೆ, ನಮ್ಮದಕ್ಕೆ ಅಷ್ಟಾಗಿ ಅಂಟದು. ಕ್ಷಯಾಣು ತಕ್ಷಣ ಸಾಯುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ಆದರೆ ಬೆಳೆಯದೆ ಸುಮ್ಮನೆ ಮಲಗಿದ ಕ್ಷಯಾಣುವಿಗೂ ಒಂದಿಷ್ಟು ಎಟಿಪಿ ಬೇಕೇ ಬೇಕು. ಆದ್ದರಿಂದ ಅದಕ್ಕೂ ಈ ಮದ್ದು ತಾಗುತ್ತದೆ. ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕ ಇದು 2016ರಲ್ಲಿ ನಮ್ಮ ದೇಶದ ಸರಕಾರಿ ಕಾರ್ಯಕ್ರಮಕ್ಕೆ ಬಂತು. ಇದು ಎಲ್ಲರಿಗೂ ಕೊಡುವ ಮಾತ್ರೆಯಲ್ಲ, ಹಳೆಯ ಮದ್ದಿಗೆ ಜಗ್ಗದ ಕ್ಷಯಕ್ಕೆ. ಹೃದಯದ ಬಡಿತದಲ್ಲಿ ಏರುಪೇರಾಗುವ ಸಂಭವವಿರುವುದರಿಂದ ಆಗಾಗ ಇಸಿಜಿ ತೆಗೆಯುತ್ತಾರೆ.

ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ಮದ್ದಿಗೆ ಜಗ್ಗದ ಕ್ಷಯ ಹುಟ್ಟಬಹುದು. ಗಡಿಯವರಲ್ಲಿ ಹೀಗಾಗುವುದು ಸುಲಭ: ತಾಳವಾಡಿಯಲ್ಲಿ ಮಾತ್ರೆ ಆರಂಭ, ಕೂಲಿ ಚಾಮರಾಜನಗರದಲ್ಲಿ, ಜತ್ತದಲ್ಲಿ ಆರಂಭ, ಕೆಲಸ ವಿಜಯಪುರದಲ್ಲಿ. ರಾಜ್ಯ ಬದಲಾದರೂ ಚಿಕಿತ್ಸೆ ನಿಲ್ಲಬೇಕಾಗಿಲ್ಲ. ಹೊರಡುವ ಮೊದಲೇ ನಿಮ್ಮ ಆಸ್ಪತ್ರೆಯವರಿಗೆ ತಿಳಿಸಿ. ನಿಕ್ಷಯ್ ಸಂಖ್ಯೆಯ ಮೇಲೆ ಚಿಕಿತ್ಸೆಯನ್ನು ಆಚೆಯ ಸರಕಾರಿ ಆಸ್ಪತ್ರೆಗೆ ವರ್ಗಾಯಿಸುತ್ತಾರೆ. ಮಾತ್ರೆ ಅಲ್ಲಿಯೂ ಉಚಿತ. ಸಂಖ್ಯೆ ಬರೆದ ಚೀಟಿಯನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.